ಜಾಮೀನು

ಪೋರ್ಟ್ ಕ್ಲಿಂಟನ್ನಿನಲ್ಲಿ ಇವತ್ತು ಬೀದಿದೀಪ ಹಚ್ಚಿಲ್ಲ.
ಈರಿ ಸರೋವರದ ಹುಳ ಎದ್ದಿದೆ.
ಮೇ ನೊಣ ಅಂತ ಹೆಸರು, ಬರುವುದು ಜೂನಿಗೆ,
ಬೆಳಕು ಕಂಡಲ್ಲಿ ರಾಶಿ ಬೀಳುತ್ತದೆ,
ಬೆಳಿಗ್ಗೆ ಸಲಿಕೆಯಲ್ಲಿ ಬಾಚಬೇಕು, ಹಿಮ ಬಾಚಿದ ಹಾಗೆ.
ನಾತ ಮಾತ್ರ ಮೀನಿನದು.

ಅದಕ್ಕೇ ಅಡುಗೆಮನೆಯ ಪರದೆ ಎಳೆದು
ಒಂದೇ ಒಂದು ಸಣ್ಣ ದೀಪದ ಕೆಳಗೆ
ನಾನೂ ತಮ್ಮ ಟಿಬೋರನೂ
ಸಾಲದ ಕಾಗದ ಹರಡಿಕೊಂಡು ಕೂತಿದ್ದೇವೆ.
ಅಪ್ಪನ ಹೆಸರು ಕೇಳಿದರೆ ಬ್ಯಾಂಕು ಮುಖ ತಿರುಗಿಸುತ್ತದೆ.
ನನ್ನ ಸಹಿ ಬೇಕು.

ನಾಲ್ಕು ವರ್ಷ. ಜೀವಶಾಸ್ತ್ರ.
ಶುಲ್ಕ, ಹಾಸ್ಟೆಲು, ಊಟ, ಪ್ರಯೋಗಾಲಯಕ್ಕೆ ಬೇರೆ,
ಪುಸ್ತಕ ಹಳೆಯವೇ ಅಂತಿಟ್ಟುಕೊಂಡರೂ
ವಿದ್ಯಾರ್ಥಿವೇತನ ಕಳೆದು ಉಳಿದದ್ದು
ಅರವತ್ತೊಂದು ಸಾವಿರದ ನಾನೂರು ಡಾಲರು.
ಪೆನ್ಸಿಲಿನಲ್ಲಿ ಬರೆದೆ,
ಅಳಿಸಿದರೆ ಹೋಗುತ್ತದೇನೋ ಎಂಬಂತೆ.

‘ಡಾಕ್ಟರಾಗುತ್ತೀಯಾ ಆಮೇಲೆ?’
‘ಇಲ್ಲ.’
‘ಔಷಧ ಕಂಪನಿ?’
‘ಇಲ್ಲ ಇಲೋನಾ.’
‘ಮತ್ತೇನು?’
‘ಕೆಸರು,’ ಅಂದ.

ನಾನು ಊರವರ ಹಲ್ಲು ಕೆರೆಯುವವಳು.
ಎರಡೇ ವರ್ಷದ ಕೋರ್ಸು,
ಇಪ್ಪತ್ತಾರಕ್ಕೆ ಸಾಲ ಹರಿದಿತ್ತು,
ಗಂಟೆಗೆ ಈಗ ನಲವತ್ತು.
ಇವನು ಬೇಸಿಗೆ ಪೂರ್ತಿ ಸರ್ಕಾರದ ದೋಣಿಯಲ್ಲಿ
ತಳದ ಹೂಳೆತ್ತಿ, ಜರಡಿ ಹಿಡಿದು,
ಮರಿಹುಳ ಎಣಿಸುತ್ತಾನೆ. ಗಂಟೆಗೆ ಹದಿನಾಲ್ಕು.
ಅವನಿಗೆ ಎಣಿಸಲು ಕಲಿಸಿದ ವಿನಿಫ್ರೆಡ್ ಓಕ್ಸ್
ಎರಡು ಪದವಿ ಪಡೆದವಳು, ನಲವತ್ತೊಂದು ವಯಸ್ಸು,
ಅಕ್ಟೋಬರಿಗೆ ಕೆಲಸ ಕಳೆದುಕೊಂಡು
ಏಪ್ರಿಲಿಗೆ ಅದೇ ಕೆಲಸಕ್ಕೆ ಅರ್ಜಿ ಹಾಕುತ್ತಾಳೆ.
ಅವಳ ಬಾಯಿ ನಾನು ನೋಡಿದ್ದೇನೆ.
ಎರಡು ದವಡೆಹಲ್ಲು ಬಿರುಕು, ವಿಮೆ ಇಲ್ಲ.
ಮುಂದಿನ ವರ್ಷ ನೋಡೋಣ, ಅನ್ನುತ್ತಾಳೆ,
ಮೂರು ವರ್ಷದಿಂದ.
ಕುರ್ಚಿಯಲ್ಲಿ ಕಂಡದ್ದನ್ನು ಹೊರಗೆ ಆಡುವಂತಿಲ್ಲ.
ನಾಲಿಗೆ ತುದಿಗೆ ಬಂತು, ನುಂಗಿದೆ.

ಅವನೋ, ಬಡ್ಡಿಯ ಕಾಗದದ ಹಿಂದೆ ಹುಳ ಬರೆದು ತೋರಿಸುತ್ತಿದ್ದಾನೆ.
ಎರಡು ವರ್ಷ ಹೂಳಿನೊಳಗೆ,
ಆಮೇಲೆ ಒಂದೋ ಎರಡೋ ದಿನ ರೆಕ್ಕೆ.
‘ದೊಡ್ಡದಾದ ಮೇಲೆ ಇದು ಉಣ್ಣುವುದಿಲ್ಲ, ಗೊತ್ತಾ?
ಉಣ್ಣುವ ಬಾಯೇ ಇರುವುದಿಲ್ಲ.’
‘ನಿನಗಿದೆಯಲ್ಲ,’ ಅಂದೆ,
‘ಮೂವತ್ತೆರಡು ಹಲ್ಲಿನ ಸಮೇತ.
ಅದಕ್ಕೇನು ಹಾಕುತ್ತೀಯ?’

ಅಜ್ಜಿ ಹೇಳುತ್ತಿದ್ದಳು,
ಅವಳು ಮದುವೆಯಾಗಿ ಬಂದ ಮೇಲೆ
ಸುಮಾರು ನಲವತ್ತು ಬೇಸಿಗೆ ಈ ಹುಳ ಬರಲೇ ಇಲ್ಲ.
ಗುಡಿಸುವುದು ತಪ್ಪಿತು ಅಂತ ಬೀದಿಯೇ ಖುಷಿಪಟ್ಟಿತ್ತಂತೆ.
ಕೆಳಗೆ ನೀರು ಉಸಿರು ಕಟ್ಟಿದ್ದು
ಯಾರ ಕಿವಿಗೂ ಬಿದ್ದಿರಲಿಲ್ಲ.

ಟಿಬೋರ ಹಳೆಯ ದಾಖಲೆಯ ಪ್ರತಿ ತಂದಿದ್ದ.
ಅದೇ ಜಾಗ, ಅದೇ ಬಕೆಟ್ಟು, ಪ್ರತಿ ವರ್ಷ:
ಸೊನ್ನೆ.
ಸೊನ್ನೆ.
ಪುಟ ತಿರುಗಿಸಿದರೂ ಸೊನ್ನೆ,
ಪಕ್ಕದಲ್ಲಿ ಯಾರದೋ ಚಿಕ್ಕ ಸಹಿ,
ನಡುವೆಲ್ಲೋ ಕೈಬರಹ ಬದಲಾಗಿದೆ,
ಒಬ್ಬರು ನಿವೃತ್ತರಾಗಿರಬೇಕು, ಸೊನ್ನೆಯಲ್ಲೇ.
ಕೊನೆಯ ಪುಟದಲ್ಲಿ: ಎರಡು.
ಅಂಕಿ ಕಾಗದ ಹರಿಯುವಷ್ಟು ಒತ್ತಿ ಬರೆದಿತ್ತು.

‘ಸೊನ್ನೆ ಬರೆಯುವುದಕ್ಕೆ ಸಂಬಳ ಯಾರು ಕೊಟ್ಟರು?’
‘ಯಾರೋ. ಕಡಿಮೆ.’

ಮತ್ತೆ ಕೂಡಿದೆ, ಕಳೆದೆ. ತಾಳೆಯಾಗಲಿಲ್ಲ.
ನೀರು ಶುದ್ಧಿ ಮಾಡುವ ಘಟಕದ ಲೈಸೆನ್ಸು
ಜೊತೆಗೇ ಮಾಡಿಕೊಳ್ಳಬೇಕು, ಅಂತ ಷರತ್ತು ಹಾಕಿದೆ.
ಸರಿ, ಅಂದ, ಕೇಳಿಸಿಕೊಳ್ಳುವುದಕ್ಕೂ ಮೊದಲು.

ಪರದೆಯ ಸಂದಿಯಿಂದ ಒಂದು ಹೇಗೋ ನುಗ್ಗಿ
ಅರವತ್ತೊಂದರ ಮೇಲೆ ಕೂತಿತು.
‘ಹೆಣ್ಣು,’ ಅಂದ, ಓರೆಗಣ್ಣಲ್ಲಿ ನೋಡಿ,
‘ಗಂಡಾಗಿದ್ದರೆ ಕಣ್ಣು ಇನ್ನೂ ದೊಡ್ಡದು.’
ಓಡಿಸಲಿಲ್ಲ. ಕಾಗದ ಮೆಲ್ಲಗೆ ಎಳೆದುಕೊಂಡ.

ಬ್ಯಾಂಕಿಗೆ ಶಾಯಿಯೇ ಆಗಬೇಕು.
ಮನೆಯಿಡೀ ಹುಡುಕಿದರೆ ಸಿಕ್ಕಿದ್ದು
ನಮ್ಮ ಕ್ಲಿನಿಕ್ಕಿನವರು ಹಂಚುವ ಹಸಿರು ಪೆನ್ನು:
ಮರೆಯದೆ ದಿನಕ್ಕೆರಡು ಸಲ ಉಜ್ಜಿ.
ಎರಡು ಕಡೆ ಸಹಿ ಇತ್ತು.
ಮೊದಲನೆಯದು ಮೂಡಲಿಲ್ಲ,
ಅಂಗೈ ಮೇಲೆ ಗೀಚಿ ನೋಡಿದೆ.