ಇನ್ನಾಸಪ್ಪನ ನಾಡಿ

ಅಂಗಿ ಅಂಗಡಿಯದು. ಬೆನ್ನ ಮೇಲೆ ಕೆಂಪು ದಾರದಲ್ಲಿ
ಮಲ್ಲಾರಪ್ಪ ಸೈಕಲ್ ಮಾರ್ಟ್, ತರಗುಪೇಟೆ.
ಬೂಟೂ ಅಂಗಡಿಯದೇ, ಒಂದು ಸೈಜು ದೊಡ್ಡದು,
ತುದಿಗೆ ಹಳೇ ಪೇಪರು ತುರುಕಿಕೊಳ್ಳುತ್ತಿದ್ದ.
ಸೈಕಲ್ಲಂತೂ ಸರಿಯೇ ಸರಿ:
ಸಂಜೆ ಆರಕ್ಕೆ ಒರೆಸಿ, ಕೊಕ್ಕೆಗೆ ತೂಗುಹಾಕಿ
ಬಿನ್ನಿಪೇಟೆಯ ಮನೆಗೆ ನಡೆದು ಹೋಗಬೇಕು.
ತಿಂಗಳಿಗೆ ನಲವತ್ತು ರೂಪಾಯಿ.
ಗೆದ್ದರೆ ಮೇಲೆ ಐದು.

ಗೆದ್ದರೆ ಅಂದರೆ ಇವನಲ್ಲ,
ಮಾಲೀಕರ ತಮ್ಮ ರೇವಣ್ಣ.

ಇನ್ನಾಸಪ್ಪನ ಕೆಲಸ ಗಾಳಿ ಸೀಳುವುದು.
ಕೆಂಗೇರಿ ದಾಟಿ ಬಯಲು ಬಿಚ್ಚಿಕೊಂಡಿತೋ,
ಇವನು ಮುಂದೆ, ಮೊಣಕೈ ಪಕ್ಕೆಗೊತ್ತಿ;
ಹಿಂದಿನ ಚಕ್ರಕ್ಕೆ ಗೇಣು ಬಿಟ್ಟು ರೇವಣ್ಣ
ಹುಣಿಸೇಮರದಡಿ ಕೂತವನ ಹಾಗೆ ಬರುತ್ತಿದ್ದ.
ಬಿಡದಿ, ರಾಮನಗರ, ಮದ್ದೂರು, ಮಂಡ್ಯ.
ಮೈಸೂರಿನ ಸುಣ್ಣದ ಗೆರೆಗೆ ಒಂದು ಫರ್ಲಾಂಗು ಇರುವಾಗ
ಎಡಕ್ಕೆ ಸರಿಯಬೇಕು.
ಆರು ವರ್ಷ ಸರಿದ.
ಪೇಪರಿನಲ್ಲಿ ಒಂದೇ ಸಲ ಹೆಸರು ಬಂತು,
ಅಣ್ಣಾಸಪ್ಪ ಅಂತ.
ಅದನ್ನೂ ಕತ್ತರಿಸಿ ಬೈಬಲ್ಲಿನೊಳಗೆ ಇಟ್ಟುಕೊಂಡ.

ನಾನು ಆಗ ಬೆಂಡು ತೆಗೆಯುವ ಹುಡುಗ.
ಚಕ್ರ ತಿರುಗಿಸಿ, ಒಂದು ಕಣ್ಣು ಮುಚ್ಚಿ,
ಎಲ್ಲಿ ಓಲುತ್ತದೆ ಅಂತ ಹಿಡಿಯುವುದನ್ನು ಅವನೇ ಕಲಿಸಿದ.
“ಈ ಕಡ್ಡಿ ಬಿಗಿ ಮಾಡುವಾಗ
ಎದುರಿನ ಕಡ್ಡಿಗೂ ಒಂದು ಮಾತು ಹೇಳಬೇಕು ಕಣೋ.”

ಐವತ್ತೇಳರ ನಂದಿ ರೇಸು.
ಏರಿನಲ್ಲಿ ಗಾಳಿಯ ಲೆಕ್ಕ ನಡೆಯುವುದಿಲ್ಲ,
ಅಲ್ಲಿ ಯಾರೂ ಯಾರ ಮರೆಯಲ್ಲೂ ಹತ್ತಲಾರರು.
ನಾಲ್ಕನೇ ತಿರುವಿನಲ್ಲಿ ಇನ್ನಾಸಪ್ಪ ಒಬ್ಬನೇ.
ಹಿಂತಿರುಗಿ ನೋಡಿದ.
ಇನ್ನೊಂದು ಸಲ ನೋಡಿದ.
ಪಂಪು ತೊಡೆಯ ಮೇಲಿಟ್ಟುಕೊಂಡು ನಾನು ವ್ಯಾನಿನಲ್ಲಿದ್ದೆ,
ನನ್ನ ಕಣ್ಣಾರೆ ಹೇಳುತ್ತೇನೆ:
ಚೈನು ಕಳಚಿರಲಿಲ್ಲ.
ಅವನು ಇಳಿದ. ಕೂತ.
ಹಲ್ಲಿಗೆ ಹಲ್ಲು ಕಚ್ಚಿ ಗಟ್ಟಿ ನಿಂತ ಚೈನಿಗೆ
ಎರಡೂ ಕೈ ಹಾಕಿ
ಮಸಿ ಮಾಡಿಕೊಂಡ.
ರೇವಣ್ಣ ಏದುಸಿರು ಬಿಡುತ್ತಾ ಬಂದು, ದಾಟಿ, ಹೋದ.

ಸಂಜೆ ಐದು ರೂಪಾಯಿ ಬಂತು.
ನನಗೊಂದು ಖಾರಾ ಬನ್ನು ಕೊಡಿಸಿದ.
ತಾನೂ ತಿಂದ, ಕೈ ತೊಳೆಯದೆ.

ಆಮೇಲೆ ಹೇಳುವಂಥದ್ದೇನಿಲ್ಲ.
ಅಂಗಡಿಯಲ್ಲಿ ಮೊಪೆಡ್ಡು ಬಂದವು,
ಇವನು ಬಟ್ಟೆ ಮಿಲ್ಲಿನ ಗೇಟಿಗೆ ಕಾವಲಿಗೆ ಹೋದ,
ಮಿಲ್ಲೂ ಬಾಗಿಲು ಹಾಕಿತು.

ಕೊನೆಗೆ ಆಸ್ಪತ್ರೆ. ಹರ್ನಿಯಾ.
ಹೊಸ ಡಾಕ್ಟರಮ್ಮ ಮಣಿಕಟ್ಟು ಹಿಡಿದು
ಗಡಿಯಾರ ನೋಡಿದಳು, ಅವನನ್ನು ನೋಡಿದಳು,
ಮತ್ತೆ ಎಣಿಸಿದಳು: ನಿಮಿಷಕ್ಕೆ ಮೂವತ್ತೆಂಟು.
ದೊಡ್ಡ ಡಾಕ್ಟರನ್ನು ಕರೆಯಲು ಓಡುವವಳಿದ್ದಳು.
“ಹೆದರಬೇಡ ಮಗಳೇ,
ಅದೊಂದು ಅಂಗಡಿಯದಲ್ಲ.”

ಸ್ಟ್ರೆಚರ್ ತಳ್ಳಿಕೊಂಡು ಹೊರಟರು.
ಮುಂದಿನ ಚಕ್ರ ಎಡಕ್ಕೆ ಎಳೆಯುತ್ತಿತ್ತು.
ನಾನು ನೋಡಿದೆ.
ಮಲಗಿದ್ದಲ್ಲೇ ಕತ್ತೆತ್ತಿ
ನಾನು ನೋಡಿದೆನೋ ಇಲ್ಲವೋ ಅಂತ
ಅವನು ನೋಡಿದ.