ಜುಲೈ ತಿಂಗಳ ಉಪ್ಪು

ಹೆಸರು ಕಿತ್ತು ಕಳಿಸಿದ್ದಾರೆ ಲೇಖನವನ್ನು,
ಕದ್ದ ದೋಣಿಯ ನಂಬರು ಕೆರೆದ ಹಾಗೆ.
ಇಪ್ಪತ್ತೊಂದು ದಿನದೊಳಗೆ ಅಭಿಪ್ರಾಯ ತಿಳಿಸಬೇಕು.
ಬರೆದವರು ಯಾರೆಂದು ನನಗೆ ಗೊತ್ತಿರಬಾರದು,
ಓದಿದವನು ನಾನೆಂದು ಅವರಿಗೆ.

ಕೋಡಿಬಾಗದ ಈ ಕೋಣೆಯ ಕಿಟಕಿಗೆ ಕಾಳಿ ಕಾಣುತ್ತದೆ.
ಕಾಳಿಯ ಅಳಿವೆಯ ಬಳಚಿನ ಮೇಲೆ ಬರೆಯುವವರು
ಈ ಜಗತ್ತಿನಲ್ಲಿ ಎಷ್ಟು ಜನ?
ಒಂದು ಟೆಂಪೋದಲ್ಲಿ ಕೂರಿಸಬಹುದು, ಸೀಟು ಉಳಿಯುತ್ತದೆ.
ಎರಡನೇ ಪುಟದ
"ಎಂಬುದನ್ನು ಇಲ್ಲಿ ಗಮನಿಸದೆ ಇರಲಾಗದು" ಸಾಕಾಯಿತು.
ಸರ್ ಅವರದು.
ಇಪ್ಪತ್ತು ವರ್ಷದ ಹಿಂದೆ ನನ್ನ ಕರಡಿನಲ್ಲೂ
ಕೆಂಪು ಶಾಯಿಯಲ್ಲಿ ಇದನ್ನೇ ತುರುಕಿದ್ದರು.
ನನ್ನ ಮೊದಲ ಲೇಖನದ ಮೊದಲ ಹೆಸರು ಅವರದು,
ಮೊಣಕಾಲಿನ ಕೆಸರು ನನ್ನದು.

ಈಗ ಇನ್ಯಾರದೋ ಮೊಣಕಾಲು.

ನಕ್ಷೆ ಮೂರು: ಹನ್ನೆರಡು ತಿಂಗಳು, ನೀರಿನ ಉಪ್ಪು.
ಜೂನ್ ಹದಿನೆಂಟು, ಆಗಸ್ಟ್ ನಾಲ್ಕು,
ನಡುವೆ ಜುಲೈ, ಸರಿಯಾಗಿ ಹನ್ನೊಂದು.
ಎಣ್ಣೆ ಹಚ್ಚಿ ಬಾಚಿದ ತಲೆ, ಒಂದೂ ಕೂದಲು ಎದ್ದಿಲ್ಲ.

ಆ ಜುಲೈ ನಾನು ಇಲ್ಲೇ ಇದ್ದೆ.
ಕದ್ರಾದ ಬಾಗಿಲು ತೆಗೆದ ವಾರ
ಸೈರನ್ ಕೇಳಿ ಸುಂಕೇರಿಯವರು ದೋಣಿಗಳನ್ನು ತೆಂಗಿಗೆ ಬಿಗಿದರು.
ಬಾಳೆಯ ಬುಡ, ಒಂದು ಹಂದಿ, ಯಾರದೋ ಹಿತ್ತಿಲ ಬೇಲಿ
ಸಾಲಾಗಿ ಸಮುದ್ರಕ್ಕೆ ಹೋದವು.
ಶೇವಂತಿ ಹರಿಕಂತ್ರ ದಂಡೆಯಲ್ಲಿ ಕೂತು
ಅಂಗೈಯಲ್ಲಿ ನೀರೆತ್ತಿ ನಾಲಗೆಗೆ ಮುಟ್ಟಿಸಿ
"ಚಾ ಕಾಸ್ಲಕ್ಕು ಇದ್ರಲ್ಲಿ" ಅಂದಿದ್ದಳು.
ಉಪ್ಪೇ ಇರಲಿಲ್ಲ.
ಬಾಟಲಿ ಹಿಡಿದು ಆ ತಿಂಗಳು ಯಾರೂ ಇಳಿಯಲಿಲ್ಲ.

ಇಷ್ಟು ಬರೆದು ಕೈ ತೊಳೆದುಕೊಳ್ಳಬಹುದಿತ್ತು.
ಆದರೆ ಹನ್ನೊಂದರ ಹೆಗಲ ಮೇಲೆ
ನೊಣದಷ್ಟು ಸಣ್ಣ ಅಂಕಿ, ಹದಿನೇಳು.
ಹಿಂದಿನ ಅಧ್ಯಯನವೂ ಇದನ್ನೇ ಹೇಳುತ್ತದಂತೆ.
ಕೊನೆಯ ಪುಟಕ್ಕೆ ಹೋದೆ. ಉಲ್ಲೇಖ ಹದಿನೇಳು
ನಾನು.

ನನ್ನ ಪ್ರಬಂಧದ ಜುಲೈ.
ಆಗಲೂ ನೆರೆ, ಆಗಲೂ ದೋಣಿ ಸಿಕ್ಕಿರಲಿಲ್ಲ.
"ಒಂದು ತಿಂಗಳಿಗಾಗಿ ಒಂದು ವರ್ಷ ಕಾಯ್ತೀಯೇನು" ಅಂದರು ಸರ್.
ಜೂನಿಗೂ ಆಗಸ್ಟಿಗೂ ಹಗ್ಗ ಬಿಗಿದು
ನಡುವೆ ಜುಲೈಯನ್ನು ಒಣಗಹಾಕಿದೆವು.
ಹಾಕಿದೆವು ಅಲ್ಲ, ಹಾಕಿದೆ. ಪೆನ್ಸಿಲು ಇದ್ದದ್ದು ನನ್ನ ಕೈಯಲ್ಲಿ.
ಅದಕ್ಕೀಗ ಇಪ್ಪತ್ತರ ಪ್ರಾಯ,
ಮೀಸೆ ತೀಡಿಕೊಂಡು ಸಾಕ್ಷಿ ಹೇಳಲು ಬಂದಿದೆ.

ಆಯ್ತವಾರದ ಸಂತೆಯಲ್ಲಿ ಶೇವಂತಿ ಬಳಚು ಎಣಿಸುವಾಗ
ಒಂದನ್ನೊಂದಕ್ಕೆ ಕುಟ್ಟುತ್ತಾಳೆ.
ಕಟ್ ಎಂದರೆ ಚೀಲಕ್ಕೆ, ತೊಪ್ ಎಂದರೆ ಗಟಾರಕ್ಕೆ.
ಸತ್ತದ್ದೂ ಬಾಯಿ ಮುಚ್ಚಿಕೊಂಡೇ ಇರುತ್ತದೆ,
ಒಳಗೆ ಬರೀ ಕೆಸರು,
ತೂಕ ಮಾತ್ರ ಜೀವ ಇದ್ದದ್ದಕ್ಕಿಂತ ಹೆಚ್ಚು.
"ಒಂದು ಬಿದ್ರೆ ಇಡೀ ಪಾತ್ರೆ ಹಾಳು, ಮತ್ತೆ ಗಿರಾಕಿ ಬರ್ತಾನಾ?"
ನೂರರ ಮೇಲೆ ಐದು ಕೊಸರು ಕೊಡುತ್ತಾಳೆ,
ಅವನ್ನೂ ಕುಟ್ಟಿ.

ಫಾರಮ್ಮಿನ ಕೊನೆಗೆ: ಹಿತಾಸಕ್ತಿಯ ಸಂಘರ್ಷ ಇದೆಯೇ?
ಹೌದು ಒತ್ತಿದರೆ ಒಂದು ಪೆಟ್ಟಿಗೆ ತೆರೆಯುತ್ತದೆ,
ಇನ್ನೂರು ಅಕ್ಷರ, ಖಾಲಿ ಜಾಗವೂ ಸೇರಿ.

ಸಂಪಾದಕರೇ, ಈ ಲೇಖನ ನೋಡಲು ನಾನು ತಕ್ಕವನಲ್ಲ.
ಬರೆದವರು ಯಾರೆಂದು ಗೊತ್ತಾಗಿದೆ.
ಜುಲೈಯನ್ನು ಬೇರೆ ಯಾರಾದರೂ ಕುಟ್ಟಿ ನೋಡಲಿ.
ಕೆಸರಿಗಿಳಿದವರನ್ನು ಮೊದಲು ಕೇಳಿ, ಸರ್ ಇಲ್ಲದಾಗ.
ಹದಿನೇಳನೆಯ ಉಲ್ಲೇಖ ಸು

ಅಲ್ಲಿಗೆ ಪೆಟ್ಟಿಗೆ ತುಂಬಿತು.

ಹೊರಗೆ ಇಳಿತ. ಸದಾಶಿವಗಡದ ಕಡೆ
ಬುಟ್ಟಿ ಹಿಡಿದು ನಾಲ್ಕು ಜನ ನೀರಿಗಿಳಿದಿದ್ದಾರೆ.
ಇನ್ನೊಂದು ಪತ್ರ ಬರೆಯಬೇಕು, ಆ ಹಳೆಯ ಪತ್ರಿಕೆಗೆ.
ಸಂಪಾದಕರು ಬದಲಾಗಿದ್ದಾರೆ, ವಿಳಾಸ ಹುಡುಕಬೇಕು.
ವಿಷಯ ಎಂಬಲ್ಲಿ ಜುಲೈ ಎಂದಷ್ಟೇ ಬರೆದು
ಕೂತಿದ್ದೇನೆ. ಚಾ ಆರಿದೆ.