ಕಪ್ಪು ಜಾಸ್ತಿ ಇರಲಿ

ಗುದೈಬಿಯಾದ ಈ ಟೈಪಿಂಗ್ ಸೆಂಟರಿನಲ್ಲಿ
ಹನ್ನೊಂದು ವರ್ಷದಿಂದ ನನ್ನದೊಂದೇ ಕಸುಬು:
ಇದ್ದದ್ದನ್ನು ಇದ್ದ ಹಾಗೇ ಇಳಿಸುವುದು.
ಪಾಸ್‌ಪೋರ್ಟು, ಬಾಡಿಗೆ ಕರಾರು,
ಮದುವೆ ಸರ್ಟಿಫಿಕೇಟಿನ ನಾಲ್ಕೂ ಮೊಹರು.
ಮುಖ ಕಪ್ಪಾದರೆ ಕಾಗದ ವಾಪಸು ಬರುತ್ತದೆ,
ಅದಕ್ಕೇ ಗಾಜನ್ನು ದಿನಕ್ಕೆ ಎಂಟು ಸಲ ಒರೆಸುತ್ತೇನೆ.

ಗುರುವಾರ ರಾತ್ರಿ ಶಟರ್ ಅರ್ಧ ಎಳೆದ ಮೇಲೆ
ಬಗ್ಗಿ ಒಳಗೆ ಬಂದರು ಮೂವರು.
ಹವ್ರಾ, ಗಲ್ಲದ ಮೇಲೆ ಒಣಗಿದ ಗೋಂದು;
ಶೆಬಿನ್, ಮೂರನೇ ಮಹಡಿಯ ನರ್ಸಮ್ಮನ ಮಗ;
ಹಿಂಜೇಬಿನಲ್ಲಿ ಡ್ರಮ್ಮಿನ ಕೋಲು ಸಿಕ್ಕಿಸಿಕೊಂಡ ಡಾಂಡನ್.
ಕೌಂಟರಿನ ಮೇಲೆ ಹರಡಿದ್ದು ಒಂದು ಹಾಳೆ:
ಸೂಪರ್‌ಮಾರ್ಕೆಟ್ಟಿನ ಆಫರ್ ಕಾಗದದಿಂದ ಕತ್ತರಿಸಿದ ಅಕ್ಷರಗಳು,
ಕೋಳಿಯ ಬೆಲೆಯಿಂದ ಕದ್ದ ಸೊನ್ನೆ,
ಅರಬ್ಬಿಯ ಒಂದು ನೂನ್, ತಲೆಕೆಳಗಾಗಿ,
ನಡುವೆ ಒಂದು ಕ್ರೇನು, ಅದಕ್ಕೆ ನೇತಾಡುವ ಎ.ಸಿ. ಪೆಟ್ಟಿಗೆ.
ಬ್ಯಾಂಡಿನ ಹೆಸರು ಯಾವ ಕಡೆಯಿಂದಲೂ ಓದಲಾಗಲಿಲ್ಲ.
ಓದಲೇಬೇಕೆಂದಿಲ್ಲ, ಅಂದಳು ಹವ್ರಾ.

ಒಪ್ಪವಾಗಿ ಒಂದು ತೆಗೆದುಕೊಟ್ಟೆ.
ಬೇಡ ಸದೀಕ್, ಇದು ಬ್ಯಾಂಕಿನದ್ದರ ಹಾಗಿದೆ.
ಕಪ್ಪು ಜಾಸ್ತಿ ಇರಲಿ.
ಪ್ರತಿಯ ಪ್ರತಿ ತೆಗಿ. ಆಮೇಲೆ ಅದರದ್ದೂ.

ಐದನೆಯದರಲ್ಲಿ ಕ್ರೇನಿನ ಕಂಬಿಗಳು ಕರಗಿದವು.
ಏಳನೆಯದರಲ್ಲಿ ಎ.ಸಿ. ಪೆಟ್ಟಿಗೆಗೆ ಹಲ್ಲು ಬಂತು.
ಒಂಬತ್ತಕ್ಕೆ ಬರುವಾಗ
ಅಂಟಿನ ಅಂಚು, ಕೂದಲು, ಗಾಜಿನ ಹಳೇ ಗೀರು,
ಗಿರಾಕಿಗಳ ಕಣ್ಣಿಗೆ ಬೀಳದಂತೆ ನಾನು ಮುಚ್ಚಿಟ್ಟದ್ದೆಲ್ಲ
ಚಿತ್ರದೊಳಗೆ ಎದ್ದು ನಿಂತಿತು.

ಕಾರ್ಕಳದ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದೆ ಒಂದು ಕಾಲಕ್ಕೆ,
ಮೇಳದ ಹ್ಯಾಂಡ್‌ಬಿಲ್ಲು, ಬೆರಳು ತಾಗಿದರೆ ಹರಿಯುವ ಗುಲಾಬಿ ಕಾಗದ.
ನಮ್ಮ ಕೇಸಿನಲ್ಲಿದ್ದದ್ದು ಎರಡೇ ಎರಡು ಳ.
ಮೂರನೆಯದು ಬೇಕಾದರೆ ಲ ಹಾಕು ಮಾರಾಯ, ಎನ್ನುತ್ತಿದ್ದರು ಸಂಜೀವ ಶೇರಿಗಾರರು,
ರಾತ್ರಿ ಒಂಬತ್ತಕ್ಕೆ ಜನ ಬರುವುದು ಳ ನೋಡಿಕೊಂಡು ಅಲ್ಲ.

ಮೂಲೆ ಖಾಲಿ ಇದೆ, ನಿನ್ನ ಕೈ ಇಡು, ಅಂದಳು.
ಇಟ್ಟೆ.
ಬೆರಳು ಕೊಟ್ಟದ್ದುಂಟು ಈ ಊರಿನ ಎಷ್ಟೋ ಯಂತ್ರಗಳಿಗೆ,
ಹತ್ತೂ ಬೆರಳು, ಉರುಳಿಸಿ ಉರುಳಿಸಿ.
ಇವತ್ತು ಯಾರೂ ನಂಬರು ಕೇಳಲಿಲ್ಲ.
ಅಂಗೈ ಕೆಳಗೆ ಬೆಳಕು ಬೆಚ್ಚಗೆ ನಡೆದುಹೋಯಿತು.

ನೂರಿಪ್ಪತ್ತು ಪ್ರತಿ. ಮಡಚಿದೆವು, ನೆಲದ ಮೇಲೆ ಕೂತು.
ನನ್ನ ಸ್ಟೇಪ್ಲರು ಹಾಳೆಯ ನಡುವಿಗೆ ಎಟುಕಲಿಲ್ಲ;
ಡಾಂಡನ್ ಅದರ ಬಾಯಿ ಅಗಲಿಸಿ ರಟ್ಟಿನ ಮೇಲೆ ಚುಚ್ಚಿದ,
ಪಿನ್ನಿನ ಕಾಲನ್ನು ನನ್ನ ಚಾದ ಚಮಚದಿಂದ ಮಡಿಸಿದ.

ಶುಕ್ರವಾರ, ಸಲ್ಮಾಬಾದಿನ ಒಂದು ಗ್ಯಾರೇಜು.
ಬಾಕಿ ಎರಡು ದಿನಾರು ವಸೂಲಿ ಮಾಡುವ ನೆಪದಲ್ಲಿ ಹೋದೆ.
ಚಪ್ಪಲಿಯ ಬಾರು ಸರಿಮಾಡಿ ತಲೆ ಎತ್ತುವಷ್ಟರಲ್ಲಿ
ಒಂದು ಹಾಡು ಮುಗಿದೇ ಹೋಗಿತ್ತು.
ಗೋಡೆ ತುಂಬ, ಆಯಿಲಿನ ರೇಟು ಪಟ್ಟಿಯ ಆಚೀಚೆ,
ನನ್ನ ಕೈ, ನನ್ನ ಕೈ, ಟೇಪಿನಲ್ಲಿ ಅಂಟಿಸಿದ ನನ್ನ ಕೈ.
ಶೆಬಿನ್ ಅಮ್ಮನ ಆಸ್ಪತ್ರೆಯಿಂದ ಹಳೇ ಎಕ್ಸ್‌ರೇ ಫಿಲ್ಮ್ ತಂದು
ಅದೇ ಅಚ್ಚು ಕೊರೆದು ಬನಿಯನ್ನಿಗೂ ಬಣ್ಣ ಹೊಡೆದಿದ್ದ;
ಗುರುತಿಲ್ಲದ ಹುಡುಗನೊಬ್ಬ ಕುಣಿಯುತ್ತಿದ್ದ ನೆಗೆದು ನೆಗೆದು,
ಅವನ ಬೆನ್ನ ಮೇಲೆ ನನ್ನ ಅಂಗೈ,
ಬೆವರಿಗೆ ಕಿರುಬೆರಳು ಸೊಂಟದವರೆಗೆ ಇಳಿದಿತ್ತು.
ದುಡ್ಡು ಕೇಳಲು ಮರೆತೆ. ಕೇಳಿದ್ದರೂ ಕೇಳಿಸುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೊದಲ ಗಿರಾಕಿ, ವೀಸಾ ರಿನ್ಯೂವಲ್.
ಗಾಜಿನ ಮೇಲೆ ಉಳಿದಿತ್ತು ಆ ನೂನಿನ ಚುಕ್ಕೆ,
ಕತ್ತರಿಸುವಾಗ ತಪ್ಪಿಸಿಕೊಂಡದ್ದು.
ಅದು ಬಂದು ಕೂತಿತು ಅವನ ಕಿವಿಯ ಕೆಳಗೆ, ಹುಟ್ಟುಮಚ್ಚೆಯ ಹಾಗೆ.
ಅವನು ನೋಡಲಿಲ್ಲ. ಆಫೀಸಿನವರೂ ನೋಡಲಿಲ್ಲ,
ಕಾಗದ ಪಾಸಾಯಿತು.

ಒರೆಸುವ ಬಟ್ಟೆ ಆಗಲೂ ನನ್ನ ಕೈಯಲ್ಲೇ ಇತ್ತು.